ಮೂರು ಕಾಲಿನ ಮಷೀನು

ತೂಕದ ಮಷೀನು ಮನೆಗೆ ಬಂದದ್ದು ಮೇ ತಿಂಗಳ ಕೊನೆಯ ಸೋಮವಾರ. ಕದಿರೇಶ ಅದನ್ನು ಶ್ರೀನಿವಾಸಪುರದ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ತಂದು, ಡಬ್ಬಿ ಬಿಚ್ಚಿ, ನಡುಮನೆಯ ಟೈಲ್ಸ್ ಮೇಲೆ ಇಟ್ಟ. ಕಪ್ಪು ಗಾಜಿನ ಚೌಕ, ಕೆಳಗೆ ನಾಲ್ಕು ರಬ್ಬರ್ ಕಾಲು. ಅವನ ಹೆಂಡತಿ ರಮ್ಯ ಒಳಕೋಣೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದಳು.

"ಬಾರೇ ಇಲ್ಲಿ, ಹತ್ತು."

"ಮಗು ಮಲಗಿಸಿ ಬರ್ತೀನಿ ರೀ."

"ಅಮ್ಮನ ಕೈಗೆ ಕೊಡು. ಎರಡು ನಿಮಿಷದ ಕೆಲಸ."

ಅರ್ಧ ಕುಡಿದಿದ್ದ ಮಗು ಅಳತೊಡಗಿತು. ಅದರ ಅಳುವಿನ ನಡುವೆಯೇ ರಮ್ಯ ಮಷೀನು ಹತ್ತಿದಳು. ಮನೆಯವರೆಲ್ಲ ಸುತ್ತ ನಿಂತರು.

"ಎಪ್ಪತ್ನಾಲ್ಕು ಇನ್ನೂರು!" ಕದಿರೇಶ ಕೂಗಿದ. ಪಕ್ಕದ ಮನೆಗೂ ಕೇಳಿಸಿರಬೇಕು.

"ಮುಕ್ಕಾಲು ಕ್ವಿಂಟಾಲಿಗೆ ಎಂಟುನೂರು ಗ್ರಾಂ ಕಮ್ಮಿ," ಎಂದರು ಮಾವ ಗಂಗುಲಪ್ಪ, ಚಾಪೆಯ ಮೇಲೆ ಕೂತು ಕಾಫಿ ಕುಡಿಯುತ್ತ. ಅವರು ಮೂವತ್ತು ವರ್ಷದಿಂದ ಮಾವಿನ ಮಂಡಿಯಲ್ಲಿ ತೂಕ ಹಾಕುವವರು. ಯಾವ ಅಂಕಿ ಕಿವಿಗೆ ಬಿದ್ದರೂ ಅದನ್ನು ಕ್ವಿಂಟಾಲಿನಲ್ಲೇ ಅಳೆಯುವ ಅಭ್ಯಾಸ.

"ಮದುವೇಲಿ ಐವತ್ತಾರು ಇದ್ಲಂತೆ," ಎಂದಳು ಅತ್ತೆ ಶೋಭಾರಾಣಿ, ಅಳುವ ಮಗುವನ್ನು ಭುಜದ ಮೇಲೆ ತಟ್ಟುತ್ತ.

"ಹೆತ್ತಿದ್ದೀನಲ್ಲ ಅತ್ತೆ."

"ನಾವೇನು ಮೊಟ್ಟೆ ಇಟ್ಟಿದ್ವಾ? ನಾನೂ ಎರಡು ಹೆತ್ತಿದ್ದೀನಿ."

ಎಲ್ಲರೂ ನಕ್ಕರು. ಗಂಗುಲಪ್ಪನವರ ತಾಯಿ ಮುನಿಯಲ್ಲಮ್ಮ, ಎಪ್ಪತ್ತೆಂಟರ ಮುದುಕಿ, ತಾನೂ ನೋಡಬೇಕೆಂದು ಸೀರೆ ಎತ್ತಿಕೊಂಡು ಹತ್ತಿತು. ನಲವತ್ತೊಂದು. ಶೋಭಾರಾಣಿ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಹೋದಳು.

"ನೀವೂ ಹತ್ತಿ ರೀ," ಎಂದಳು ರಮ್ಯ.

"ನನ್ನ ತೂಕಕ್ಕೇನಾಗಿದೆ? ದಿನಾ ಐವತ್ತು ಕ್ರೇಟು ಏರಿಸಿ ಇಳಿಸೋ ಮೈ ಇದು," ಎಂದ ಕದಿರೇಶ. ಅವನದು ಪಿಕಪ್ ಗಾಡಿ. ತೋಟದಿಂದ ಮಂಡಿಗೆ, ಮಂಡಿಯಿಂದ ಆಂಧ್ರದ ಕಡೆಯ ಜ್ಯೂಸ್ ಫ್ಯಾಕ್ಟರಿಗೆ ತೋತಾಪುರಿ ಸಾಗಿಸುತ್ತಾನೆ. ಕ್ರೇಟು ಏರಿಸಿ ಇಳಿಸುವವರು ಕೂಲಿಯವರು. ಕದಿರೇಶ ಸ್ಟೇರಿಂಗ್ ಹಿಂದೆ ಕೂತಿರುತ್ತಾನೆ. ಹೊಟ್ಟೆಯ ಹತ್ತಿರ ಅವನ ಶರ್ಟಿನ ಎರಡು ಗುಂಡಿಗಳ ನಡುವೆ ಒಳಗಿನ ಬನಿಯನ್ ಕಾಣುತ್ತಿತ್ತು. ಅದನ್ನು ಯಾರೂ ಕೂಗಿ ಹೇಳಲಿಲ್ಲ.

ಮಷೀನು ಬರಲು ಕಾರಣ ಎರಡು. ಒಂದು, ಡಾಕ್ಟರು. ರಮ್ಯಳಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ನಂಗಲಿಯ ತವರಿನಲ್ಲಿ ನಾಲ್ಕು ತಿಂಗಳ ಬಾಣಂತನ ಮುಗಿಸಿ ಬಂದ ಮೇಲೆ ಕೋಲಾರದಲ್ಲಿ ತೋರಿಸಿದಾಗ, ಆ ಹೆಂಗಸು ಡಾಕ್ಟರು ನಿಧಾನವಾಗಿ ತೂಕ ಇಳಿಸಿದರೆ ಒಳ್ಳೆಯದು ಎಂದಿದ್ದರು. ಎರಡನೆಯದು, ಮಗುವಿನ ನಾಮಕರಣದಲ್ಲಿ ಗೌನಿಪಲ್ಲಿಯ ನೆಂಟ ಸುರೇಶ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ, "ಏನ್ಲಾ ಕದಿರೇಶ, ಒಬ್ಬಳ್ನ ಕಳಿಸಿ ಇಬ್ಬರ್ನ ಕರ್ಕೊಂಡ್ ಬಂದಿದ್ದೀಯ?" ಎಂದದ್ದು. ಮಷೀನು ತರಿಸಿದ್ದು ಡಾಕ್ಟರ ಮಾತಲ್ಲ, ಸುರೇಶನ ಮಾತು ಎಂಬುದು ರಮ್ಯಳಿಗೆ ಗೊತ್ತಿತ್ತು. ಡಾಕ್ಟರು ಹೇಳುವಾಗ ಕದಿರೇಶ ಹೊರಗೆ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದ.

"ವಾರಕ್ಕೊಂದ್ಸಲ ನೋಡಿದ್ರೆ ಸಾಕು ಅಂದ್ರು ಡಾಕ್ಟ್ರು," ಎಂದಳು ರಮ್ಯ. "ಒಂದೇ ದಿನ, ಬೆಳಗ್ಗೆ ಎದ್ದ ತಕ್ಷಣ, ಒಂದೇ ಮಷೀನಲ್ಲಿ. ದಿನಾ ನೋಡಿದ್ರೆ ನೀರಿನ ತೂಕ, ಉಪ್ಪಿನ ತೂಕ ಎಲ್ಲಾ ಸೇರಿ ತಲೆ ಕೆಡುತ್ತೆ ಅಂದ್ರು. ಮಗು ಹಾಲು ಕುಡಿಯೋವರೆಗೂ ಊಟ ಬಿಡಬೇಡ, ನಡಿ ಅಂದ್ರು."

"ವಾರಕ್ಕೊಂದ್ಸಲ ಅಂದ್ರೆ ಆರು ದಿನ ತಿಂದು ಏಳನೇ ದಿನ ಉಪವಾಸ ಮಾಡ್ತೀಯ. ನಂಗೊತ್ತಿಲ್ವಾ? ದಿನಾ ನೋಡ್ಬೇಕು. ಗೌರಿ ಹಬ್ಬಕ್ಕೆ ಅರವತ್ತು. ಅಷ್ಟೇ."

ಅವನು ಕೆಂಪು ಪೆನ್ನು ತೆಗೆದು ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ರಾಹುಕಾಲದ ಪಕ್ಕಕ್ಕೇ 74.2 ಎಂದು ಬರೆದ.

ಅಂದಿನಿಂದ ಬೆಳಗ್ಗೆ ಆರೂವರೆಗೆ ರಮ್ಯ ಮಷೀನು ಹತ್ತಬೇಕು. ಕದಿರೇಶ ಹಲ್ಲುಜ್ಜುತ್ತ ಬಂದು ಬಗ್ಗಿ ನೋಡುತ್ತಿದ್ದ, ಬಾಯಲ್ಲಿ ನೊರೆ ಇಟ್ಟುಕೊಂಡೇ ಅಂಕಿ ಹೇಳುತ್ತಿದ್ದ, ಬರೆಯುತ್ತಿದ್ದ. ಆಮೇಲೆ ಮೊಬೈಲಿನಲ್ಲಿ ಮನೆಯವರ ಗ್ರೂಪಿಗೆ ಹಾಕುತ್ತಿದ್ದ. ಗ್ರೂಪಿನಲ್ಲಿ ಇಪ್ಪತ್ತಮೂರು ಜನ. ಮಾಲೂರಿಗೆ ಕೊಟ್ಟಿದ್ದ ತಂಗಿ ಧನಶ್ರೀ ತೋಳು ಮಡಚಿದ ಚಿತ್ರ ಹಾಕಿ "ಸೂಪರ್ ಅತ್ತಿಗೆ" ಎನ್ನುತ್ತಿದ್ದಳು. ಗೌನಿಪಲ್ಲಿಯ ಸುರೇಶ ಹೆಬ್ಬೆಟ್ಟು ಹಾಕುತ್ತಿದ್ದ. ರಮ್ಯಳ ಮೈಯ ಲೆಕ್ಕ ಮುಳಬಾಗಿಲಿನಲ್ಲಿ, ಮಾಲೂರಿನಲ್ಲಿ, ಗೌನಿಪಲ್ಲಿಯಲ್ಲಿ ಬೆಳಗಿನ ಕಾಫಿಯ ಜೊತೆಗೆ ಓಡಾಡುತ್ತಿತ್ತು.

ಮಷೀನಿಗೆ ಒಂದು ಜಾಗ ಇರಲಿಲ್ಲ. ಮುನಿಯಲ್ಲಮ್ಮ ನಸುಕಿನಲ್ಲೇ ಎದ್ದು ಕಸ ಗುಡಿಸುತ್ತಾಳೆ. ದೇವರ ಗೂಡಿನ ಎದುರಿಗೆ ಕಾಲಿಡುವ ವಸ್ತು ಇರಬಾರದು ಎಂಬುದು ಅವಳ ಹಟ. ಒಂದು ದಿನ ಪೊರಕೆಯಲ್ಲೇ ತಳ್ಳಿ ಬಾಗಿಲ ಬಳಿ ಬಿಡುತ್ತಿದ್ದಳು, ಒಂದು ದಿನ ಕಾಲೊರೆಸುವ ಗೋಣಿತಾಟಿನ ಮೇಲೆ. ಹೆಚ್ಚು ದಿನ ಜಗುಲಿಯ ಕಲ್ಲುಚಪ್ಪಡಿಯ ಮೇಲೆ ದರದರ ಎಳೆದು ಬಿಡುತ್ತಿದ್ದಳು. ಎಲ್ಲಿ ಬಿದ್ದಿತ್ತೋ ಅಲ್ಲೇ ರಮ್ಯ ಹತ್ತುತ್ತಿದ್ದಳು.

ಎರಡನೇ ವಾರ ಅಡುಗೆಮನೆಯಲ್ಲಿ ಮುದ್ದೆಯ ಗಾತ್ರ ಬದಲಾಯಿತು. ಶೋಭಾರಾಣಿ ಮುದ್ದೆ ಕಟ್ಟುವಾಗ ಗಂಡನಿಗೆ ದೊಡ್ಡದು, ಮಗನಿಗೆ ಅದಕ್ಕಿಂತ ದೊಡ್ಡದು, ತನಗೂ ಅತ್ತೆಗೂ ಒಂದೊಂದು ಸಣ್ಣದು ಕಟ್ಟಿ, ಪಾತ್ರೆಯ ತಳ ಕೆರೆದು ನಿಂಬೆಹಣ್ಣಿನಷ್ಟನ್ನು ಸೊಸೆಯ ತಟ್ಟೆಗೆ ಇಟ್ಟಳು.

"ಅತ್ತೆ, ಮಗು ಹಾಲಿಗೆ—"

"ಹಾಲು ಮುದ್ದೆಯಿಂದ ಬರಲ್ಲ ಕಣೇ, ಸಾರಿಂದ ಬರುತ್ತೆ. ಸಾರು ಕುಡಿ."

ಭಾನುವಾರ ಮಟನ್ ತಂದರು. ಗಂಡಸರು ಮುದ್ದೆಯ ಮೇಲೆ ಅನ್ನ, ಅನ್ನದ ಮೇಲೆ ಮತ್ತೆ ಅನ್ನ ಹಾಕಿಸಿಕೊಂಡರು. ರಮ್ಯಳ ಬಟ್ಟಲಿಗೆ ತೆಳು ಸಾರು, ಒಂದು ಮೂಳೆ. ಆ ಮಸಾಲೆ ರುಬ್ಬಿದ್ದು ಅವಳು. ಪಾತ್ರೆ ತೊಳೆದದ್ದೂ ಅವಳು.

ಅದು ಮಾವಿನ ಕಾಲ. ಗಂಗುಲಪ್ಪ ಮಂಡಿಯಿಂದ ದಿನಾ ಬಾದಾಮಿ, ರಸಪುರಿ ತರುತ್ತಿದ್ದರು. ಮಂಚದ ಕೆಳಗೆ ಹುಲ್ಲು ಹಾಸಿ ಹಣ್ಣಿಗಿಟ್ಟ ಕಾಯಿಯ ವಾಸನೆ ಒಳಕೋಣೆಯ ತುಂಬ. ರಮ್ಯ ಮಲಗುತ್ತಿದ್ದುದು ಅದೇ ಮಂಚದ ಮೇಲೆ. "ಒಂದೆರಡು ಹೋಳು ತಿನ್ನಬಹುದು ಅಂದಿದ್ದಾರೆ" ಎಂದು ಅವಳು ಹೇಳಿದಾಗ, "ನಿನ್ನ ಡಾಕ್ಟ್ರು ನಿಂಗೆ ಬೇಕಾದ್ದನ್ನೆಲ್ಲಾ ಹೇಳ್ತಾರೆ" ಎಂದು ಕದಿರೇಶ ತಾನೊಂದು ಹೋಳು ಎತ್ತಿಕೊಂಡ.

ಹತ್ತನೇ ದಿನ ಬೆಳಗ್ಗೆ ಅಂಕಿ ಮೇಲೇರಿತು. ಹಿಂದಿನ ದಿನ ಎಪ್ಪತ್ತಮೂರು ಒಂದು ಇದ್ದದ್ದು ಆ ದಿನ ಎಪ್ಪತ್ನಾಲ್ಕು ಪೂರ್ತಿ.

"ಒಂಬೈನೂರು ಗ್ರಾಂ!" ಕದಿರೇಶ ಹಲ್ಲುಜ್ಜುವ ಬ್ರಶ್ಶನ್ನು ಬಾಯಿಂದ ತೆಗೆದ. "ಏನ್ ತಿಂದೆ?"

"ಏನೂ ತಿಂದಿಲ್ಲ. ಎಲ್ಲರೂ ನೋಡಿದ್ರಲ್ಲ."

"ಗಾಳಿ ಕುಡಿದು ಒಂಬೈನೂರು ಗ್ರಾಂ ಬರುತ್ತಾ?"

ಶೋಭಾರಾಣಿ ಹಿತ್ತಿಲಿನ ಕಸದ ಬುಟ್ಟಿ ಕೆದಕಿದಳು. ಮಾವಿನ ಎರಡು ವಾಟೆ ಸಿಕ್ಕವು, ಚೆನ್ನಾಗಿ ಚೀಪಿದವು. ತಂದು ನಡುಮನೆಯಲ್ಲಿ ಇಟ್ಟಳು.

"ನಿನ್ನೆ ರಾತ್ರಿ ನಾವು ಹಣ್ಣೇ ಕುಯ್ಯಲಿಲ್ಲ. ಇದು ಯಾರ್ದು?"

"ನಂದಲ್ಲ ಅತ್ತೆ."

"ಮಂಚದ ಮೇಲೆ ಮಲಗೋದು ನೀನು. ಮಂಚದ ಕೆಳಗಿನ ಹಣ್ಣು ತಾನಾಗೇ ಎದ್ದು ಹೋಯ್ತಾ?"

"ಮಗು ಆಣೆಗೂ ನಾನು ತಿಂದಿಲ್ಲ."

"ಮಗು ಮೇಲೆ ಆಣೆ ಇಡ್ತೀಯ? ಎರಡು ಹಣ್ಣಿಗೆ?" ಕದಿರೇಶ ಕೈ ಎತ್ತಲಿಲ್ಲ. ಕೈ ಎತ್ತುವವನಲ್ಲ ಎಂದು ಅವನಿಗೆ ತನ್ನ ಬಗ್ಗೆ ಹೆಮ್ಮೆ. "ತಿಂದಿದ್ರೆ ತಿಂದೆ ಅನ್ನು. ಸುಳ್ಳು ಹೇಳೋ ಹೆಂಗಸು ಅಂದ್ರೆ ನಂಗಾಗಲ್ಲ."

ಮುನಿಯಲ್ಲಮ್ಮ ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ಆ ದಿನ ರಮ್ಯಳಿಗೆ ಮಧ್ಯಾಹ್ನ ಮುದ್ದೆ ಬರಲಿಲ್ಲ, ಮಜ್ಜಿಗೆ ಬಂತು.

ಸಂಜೆ ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವಾಗ ಮುದುಕಿ ಪಕ್ಕಕ್ಕೆ ಬಂದು ನಿಂತಿತು.

"ನಾನೇ ತಿಂದಿದ್ದು ಕಣಮ್ಮ."

ರಮ್ಯ ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಳು. "ಬೆಳಗ್ಗೆ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಹೇಳಿದ್ರೆ ನನ್ನೂ ದಿನಾ ಹತ್ತಿಸ್ತಿದ್ರು."

"ಮತ್ತೆ ನಂಗೆ ಊಟ ಇಲ್ದಂಗಾಯ್ತಲ್ಲ?"

"ನೀನು ವಯಸ್ಸಿನೋಳು, ತಡ್ಕೊಂತೀಯ," ಎಂದು ಮುದುಕಿ ಒಳಗೆ ಹೋಯಿತು.

ತಿನ್ನದೆ ತೂಕ ಹೇಗೆ ಏರಿತು ಎಂದು ಆಮೇಲೂ ಯಾರೂ ಕೇಳಲಿಲ್ಲ. ಮನೆಗೆ ಕಳ್ಳಿ ಸಿಕ್ಕಿದ್ದಳು, ಅಷ್ಟು ಸಾಕಾಗಿತ್ತು.

ಮೂರನೇ ವಾರದಿಂದ ಅಂಕಿ ಇಳಿಯತೊಡಗಿತು. ಎಪ್ಪತ್ತೆರಡು. ಎಪ್ಪತ್ತೊಂದು ಎರಡು. ಒಂದು ದಿನ ಏರಿದರೆ ಆ ದಿನ ಮಜ್ಜಿಗೆ, ಇಳಿದರೆ ಅರ್ಧ ಮುದ್ದೆ. ಏರುತ್ತದೆಂಬ ಭಯಕ್ಕೆ ರಮ್ಯ ತಾನಾಗಿಯೇ ರಾತ್ರಿಯ ಊಟ ಬಿಟ್ಟಳು, ನೀರು ಕುಡಿಯುವುದನ್ನೂ ಕಡಿಮೆ ಮಾಡಿದಳು. ಬೆಳಗಿನ ಬೈಗುಳ ತಪ್ಪಿದರೆ ದಿನ ನೆಟ್ಟಗೆ ಕಳೆಯುತ್ತದಲ್ಲ. ಜೂನ್ ಕೊನೆಯ ಭಾನುವಾರ ಮಷೀನು ಅರವತ್ತೊಂಬತ್ತು ಎಂಟು ತೋರಿಸಿತು.

"ಅರವತ್ತರ ಮನೆಗೆ ಬಂತು!" ಕದಿರೇಶ ಕುಣಿದ. ಗ್ರೂಪಿನಲ್ಲಿ ಹದಿನೈದು ಹೆಬ್ಬೆಟ್ಟು ಬಂದವು. "ನೋಡ್ದಾ? ನಾನು ಹಿಂದೆ ಬೀಳ್ದಿದ್ರೆ ಆಗ್ತಿತ್ತಾ?"

ರಮ್ಯಳಿಗೆ ಕೂತು ಏಳುವಾಗ ಕಣ್ಣು ಕತ್ತಲೆ ಬರುತ್ತಿತ್ತು. ಅದಕ್ಕಿಂತ ಮಗುವಿನದೇ ಚಿಂತೆ. ಅದು ಎದೆಗೆ ಬಾಯಿಟ್ಟು ಎರಡು ನಿಮಿಷ ಎಳೆದು, ಬಿಟ್ಟು, ಮುಖ ಕೆಂಪಾಗಿಸಿಕೊಂಡು ಅಳುತ್ತಿತ್ತು.

"ಇವಳ ಹಾಲೇ ಸಾಲ್ತಿಲ್ಲ. ನಂಗಲಿಯೋರ ಮೈಯೇ ಅಷ್ಟು, ನೋಡೋಕೆ ಮಾತ್ರ ದಪ್ಪ," ಎಂದಳು ಶೋಭಾರಾಣಿ. "ಡಬ್ಬಿ ಹಾಲು ತಗೊಂಡ್ ಬಾರೋ ಕದಿರೇಶ."

ಮರುದಿನ ಅಂಗನವಾಡಿಯಲ್ಲಿ ಮಕ್ಕಳ ತೂಕದ ದಿನ. ಟೀಚರ್ ಭಾರತಮ್ಮ ಐವತ್ತರ ಹತ್ತಿರದ ಹೆಂಗಸು, ಹದಿನೆಂಟು ವರ್ಷದಿಂದ ಅದೇ ಕೆಲಸ. ತೂಗುವ ಜೋಳಿಗೆಯನ್ನು ಮೊದಲು ಖಾಲಿ ತೂಗುಹಾಕಿ, ಮುಳ್ಳು ಸೊನ್ನೆಗೆ ಬಂತೇ ಎಂದು ನೋಡಿ, ಆಮೇಲೆ ಮಗುವನ್ನು ಕೂರಿಸಿದಳು. ಕನ್ನಡಕ ಏರಿಸಿ ನೋಡಿದಳು. ಮಗುವನ್ನು ಎತ್ತಿ ಮತ್ತೆ ಖಾಲಿ ಜೋಳಿಗೆ ನೋಡಿ, ಮತ್ತೆ ಕೂರಿಸಿದಳು.

"ಆರು ಕೇಜಿ ನೂರು. ಹೋದ ತಿಂಗಳು ಎಷ್ಟಿತ್ತು?"

"ಆರು ಇನ್ನೂರು," ಎಂದಳು ರಮ್ಯ.

ಭಾರತಮ್ಮ ಕಾರ್ಡು ಬಿಚ್ಚಿ ಚುಕ್ಕಿ ಇಟ್ಟಳು. ನಾಲ್ಕು ತಿಂಗಳು ಮೇಲಕ್ಕೆ ಹೋಗಿದ್ದ ಗೆರೆ ಕೆಳಕ್ಕೆ ಬಾಗಿತು.

"ಮಗೂಗೆ ಭೇದಿ ಆಗಿತ್ತಾ? ಜ್ವರ?"

"ಇಲ್ಲ."

"ನೀನೇನ್ ತಿಂತಿದ್ದೀಯ?"

ರಮ್ಯ ಹೇಳಿದಳು. ಮಷೀನು, ಕ್ಯಾಲೆಂಡರು, ಮಜ್ಜಿಗೆ, ಎಲ್ಲ. ಭಾರತಮ್ಮ ಕಾರ್ಡು ಮಡಚಿ ಮೇಜಿನ ಮೇಲೆ ಬಡಿದಳು.

"ಯಾರಮ್ಮ ಹೇಳಿದ್ದು ದಿನಾ ತೂಕ ನೋಡೋಕೆ? ಬೆಳೆಯೋ ಮಕ್ಕಳನ್ನೇ ನಾನು ತಿಂಗಳಿಗೊಂದ್ಸಲ ತೂಗ್ತೀನಿ. ಒಂದು ಚುಕ್ಕಿ ನೋಡಿ ಯಾವ ತಾಯಿಗೂ ಬೈದಿಲ್ಲ, ಗೆರೆ ನೋಡ್ತೀನಿ. ಒಂದು ಚೊಂಬು ನೀರು ಕುಡಿದ್ರೆ ಒಂದು ಕೇಜಿ ಏರುತ್ತೆ, ಬಚ್ಚಲಿಗೆ ಹೋಗಿ ಬಂದ್ರೆ ಇಳಿಯುತ್ತೆ. ಅದಕ್ಕೆ ಊಟ ಕಿತ್ಕೊಳ್ಳೋದಾ? ಬಾ ಇಲ್ಲಿ, ನೀನು ಹತ್ತು."

ಬಸುರಿ, ಬಾಣಂತಿಯರ ತೂಕಕ್ಕೆ ಇಟ್ಟಿದ್ದ ಮಷೀನು ಗೋಡೆಯ ಪಕ್ಕ ಸಮತಟ್ಟಾದ ಸಿಮೆಂಟಿನ ಮೇಲಿತ್ತು. ರಮ್ಯ ಹತ್ತಿದಳು. ಎಪ್ಪತ್ತೆರಡು.

"ಬೆಳಗ್ಗೆ ಮನೇಲಿ ಅರವತ್ತೊಂಬತ್ತು ಒಂಬತ್ತು ಇತ್ತು ಟೀಚರ್."

"ಕಾಫಿ ಕುಡಿದಿದ್ದಕ್ಕೆ, ಸೀರೆಗೆ ಅಂತ ಅರ್ಧ ಕೇಜಿ ಬಿಡು. ಮಿಕ್ಕಿದ್ದು ಎಲ್ಲಿಂದ ಬಂತು? ನಿಮ್ಮನೆ ಮಷೀನು ಯಾರು ಪರೀಕ್ಷೆ ಮಾಡಿದ್ದಾರೆ? ನಿಮ್ಮ ಮಾವ ಮಂಡೀಲಿ ತೂಕದೋರು ಅಲ್ವಾ?"

ರಮ್ಯ ಕಾರ್ಡು ತೆಗೆದುಕೊಂಡಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಳು. ಶೋಭಾರಾಣಿ ಹಿತ್ತಿಲಿನಲ್ಲಿದ್ದಳು. ಮಷೀನು ಜಗುಲಿಯ ಕಲ್ಲಿನ ಮೇಲೆ ಬಿದ್ದಿತ್ತು. ತರಕಾರಿ ತರುವ ಚೀಲಕ್ಕೆ ಅದನ್ನು ಹಾಕಿಕೊಂಡು, ಗೇಟಿನ ಬಳಿ ಸಿಕ್ಕ ಷೇರ್ ಆಟೋ ಹತ್ತಿದಳು.

ಮಂಡಿಯಲ್ಲಿ ಹನ್ನೊಂದು ಗಂಟೆಯ ಗದ್ದಲ. ಸಾಲಾಗಿ ಪಿಕಪ್‌ಗಳು, ಕ್ರೇಟುಗಳ ಗೋಪುರ, ಕಾಯಿ ಆರಿಸುವ ಹೆಂಗಸರ ಗುಂಪು, ತೆಲುಗು ಕನ್ನಡ ಸೇರಿದ ಕೂಗಾಟ. ಗಂಗುಲಪ್ಪ ತೂಕದ ಕಾಟಾದ ಪಕ್ಕ ನಿಂತಿದ್ದರು. ಮಂಡಿಯಲ್ಲಿ ಅವರದು ಒಂದು ಪದ್ಧತಿ. ದಿನಾ ಬೆಳಗ್ಗೆ ಮೊದಲ ಕ್ರೇಟು ಇಡುವ ಮುಂಚೆ, ಸರ್ಕಾರದ ಮುದ್ರೆ ಇರುವ ಇಪ್ಪತ್ತು ಕೇಜಿಯ ಮೂರು ಕಬ್ಬಿಣದ ಕಲ್ಲುಗಳನ್ನು ರೈತರ ಎದುರಿಗೇ ಕಾಟಾದ ಮೇಲೆ ಇಟ್ಟು ಅರವತ್ತು ತೋರಿಸಬೇಕು. ಯಾರಿಗಾದರೂ ಅನುಮಾನ ಬಂದರೆ ನಡುವೆಯೂ ಇಡಬೇಕು. ಇಬ್ಬನಿಯಲ್ಲಿ ಒದ್ದೆಯಾದ ಕಾಯಿಯನ್ನು ಆರದೆ ತೂಗುವುದಿಲ್ಲ. ಕಾಟಾದ ಕೆಳಗೆ ಒಂದು ಚೂರು ಕಲ್ಲು ಸಿಕ್ಕಿದ್ದರೂ ಗುಡಿಸಿ ಮತ್ತೆ ಸೊನ್ನೆ ಮಾಡುತ್ತಾರೆ. ನನ್ನ ಕೈಯಲ್ಲಿ ಒಂದು ಕಾಯಿ ಅನ್ಯಾಯ ಆಗಿಲ್ಲ ಎಂಬುದು ಅವರು ಮದುವೆಯ ಮನೆಗಳಲ್ಲೂ ಹೇಳುವ ಮಾತು.

ಸೊಸೆ ಮಗುವನ್ನೆತ್ತಿಕೊಂಡು ಬರುವುದನ್ನು ನೋಡಿ ಅವರು ಗಾಬರಿಯಾದರು.

"ಏನಮ್ಮ? ಮನೇಲಿ ಏನಾಯ್ತು?"

"ಏನೂ ಆಗಿಲ್ಲ ಮಾವ. ಇದರ ಮೇಲೆ ಆ ಕಲ್ಲು ಇಡಿ." ಅವಳು ಚೀಲದಿಂದ ಮಷೀನು ತೆಗೆದು ಸಿಮೆಂಟಿನ ಮೇಲೆ ಇಟ್ಟಳು.

"ಇಲ್ಲೇನಾ? ಈಗ್ಲೇನಾ? ಮನೇಗೆ ನಡಿಯಮ್ಮ, ಸಂಜೆ ನೋಡೋಣ."

"ಸಂಜೆ ಆ ಕಲ್ಲು ಮನೆಗೆ ತರ್ತೀರಾ?"

"ಅದು ಮಂಡಿ ಬಿಟ್ಟು ಆಚೆ ಹೋಗಲ್ಲ."

"ಅದಕ್ಕೇ ಮಷೀನೇ ತಂದಿದ್ದೀನಿ. ಇವರ ಕಾಯಿಗೆ ದಿನಾ ಇಡ್ತೀರಲ್ಲ, ನಂಗೆ ಒಂದ್ಸಲ ಇಡಿ."

ಸುತ್ತಲಿನ ಕೂಗಾಟ ತಗ್ಗಿತು. ಕಾಯಿ ತಂದಿದ್ದ ಒಬ್ಬ ರೈತ ಟವೆಲ್ಲು ಹೆಗಲಿಗೆ ಹಾಕಿ ಹತ್ತಿರ ಬಂದ. "ಇಡು ಗಂಗುಲಪ್ಪ, ಇಡು. ಹುಡುಗಿ ಕೇಳ್ತಿರೋದು ನ್ಯಾಯ ಅಲ್ವಾ?"

ಗಂಗುಲಪ್ಪ ಮೂರು ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟರು. ಐವತ್ತೇಳು ಒಂಬತ್ತು. ಅವರ ಹುಬ್ಬು ಗಂಟಾಯಿತು. ಇಳಿಸಿ, ಮಷೀನನ್ನು ಒಂದು ಗೇಣು ಸರಿಸಿ, ಮತ್ತೆ ಇಟ್ಟರು. ಅರವತ್ತೊಂದು ಮೂರು. ಮತ್ತೆ ಸರಿಸಿದರು. ಐವತ್ತೆಂಟು ಎಂಟು.

ಮೂರನೇ ಸಲ ಅವರು ಕಲ್ಲು ಇಳಿಸಿ, ಮಷೀನಿನ ಮೂಲೆಗೆ ಬೆರಳಿಟ್ಟು ಒತ್ತಿದರು. ಅದು ಟಕ್ ಎಂದು ವಾಲಿತು. ಎತ್ತಿ ತಿರುಗಿಸಿದರು. ಮೂರು ರಬ್ಬರ್ ಕಾಲು ಇದ್ದವು. ನಾಲ್ಕನೆಯದರ ಜಾಗದಲ್ಲಿ ಒಣಗಿದ ಗೋಂದು. ಕಲ್ಲುಚಪ್ಪಡಿಯ ಮೇಲೆ ಎಳೆದಾಡಿ ಯಾವಾಗ ಕಿತ್ತುಹೋಗಿತ್ತೋ.

"ಒಂದು ಕಾಲೇ ಇಲ್ಲ," ಎಂದರು ಮೆಲ್ಲಗೆ.

"ಇದರ ಮೇಲೆ ನನ್ನ ಕಾಯಿ ತೂಗಿದ್ದಿದ್ರೆ ನಿನ್ನ ಕಾಲರ್ ಹಿಡೀತಿದ್ದೆ ಗಂಗುಲಪ್ಪ," ಎಂದ ಆ ರೈತ. ಯಾರೋ ನಕ್ಕರು. ಕಾಯಿ ಆರಿಸುವ ಹೆಂಗಸರು ನಗಲಿಲ್ಲ.

"ಒಂದು ತಿಂಗಳಿಂದ ದಿನಾ ಬೆಳಗ್ಗೆ ನನ್ನ ಇದರ ಮೇಲೆ ನಿಲ್ಸಿದ್ದೀರ," ಎಂದಳು ರಮ್ಯ. "ನೀವು ಅಲ್ಲೇ ಚಾಪೆ ಮೇಲೆ ಕೂತು ಕಾಫಿ ಕುಡೀತಿದ್ರಿ ಮಾವ. ಒಂದಿನ ಬಗ್ಗಿ ನೋಡ್ಲಿಲ್ಲ. ಇಲ್ಲಿ ಒಂದು ಕಡ್ಡಿ ಸಿಕ್ಕಿದ್ರೂ ಗುಡಿಸ್ತೀರ. ಮನೇಲಿ ನೂರು ಗ್ರಾಂ ಏರಿತು ಅಂತ ನನ್ನ ಮುದ್ದೆ ಕಿತ್ಕೊಂಡ್ರಿ, ಕಳ್ಳಿ ಅಂದ್ರಿ. ಇವತ್ತು ನಿಮ್ಮ ಮೊಮ್ಮಗಳು ನೂರು ಗ್ರಾಂ ಇಳಿದಿದ್ದಾಳೆ. ಅದು ಸುಳ್ಳಲ್ಲ. ಭಾರತಮ್ಮ ಟೀಚರ್ ಎರಡು ಸಲ ಸೊನ್ನೆ ನೋಡಿ ತೂಗಿದ್ದಾರೆ. ಮಾವಿನಕಾಯಿಗೆ ಇರೋ ನ್ಯಾಯ ನಂಗಿಲ್ವಾ?"

ಗಂಗುಲಪ್ಪ ಮಷೀನನ್ನು ಚೀಲಕ್ಕೆ ಹಾಕಿ ಅವಳ ಕೈಗೆ ಕೊಟ್ಟರು. ಆಮೇಲೆ ಕೂಲಿಯವನನ್ನು ಕರೆದು, "ಆಟೋ ಕರಿಯೋ" ಎಂದರು.

ಸುದ್ದಿ ಅವಳಿಗಿಂತ ಮೊದಲು ಮನೆ ತಲುಪಿತ್ತು. ಮಧ್ಯಾಹ್ನ ಕದಿರೇಶ ಗಾಡಿಯನ್ನು ಬೀದಿಯಲ್ಲೇ ಅಡ್ಡ ನಿಲ್ಲಿಸಿ ಒಳಗೆ ನುಗ್ಗಿದ.

"ಮಂಡೀಲಿ ನಮ್ಮಪ್ಪನ ಮಾನ ಕಳೆದು ಬಂದ್ಯಾ? ನೂರು ಜನದ ಮುಂದೆ?"

"ನೀವು ಇಪ್ಪತ್ತಮೂರು ಜನದ ಮುಂದೆ ದಿನಾ ನನ್ನ ತೂಕ ಹಾಕಿದ್ರಲ್ಲ, ಆಗ ಹೋಗಿದ್ದು ಯಾರ ಮಾನ?"

"ಅವರು ನೆಂಟರು!"

"ಇವರು ರೈತರು. ನೆಂಟರಿಗಿಂತ ವಾಸಿ. ಕಲ್ಲು ಇಡು ಅಂದ್ರು."

"ಲೇ, ನಿನ್ನ ಒಳ್ಳೇದಕ್ಕೆ ಮಾಡಿದ್ದು ಕಣೇ!"

"ನನ್ನ ಒಳ್ಳೇದಕ್ಕೆ ಆಗಿದ್ರೆ ಡಾಕ್ಟ್ರ ಮಾತು ಕೇಳ್ತಿದ್ರಿ. ನೀವು ಕೇಳಿದ್ದು ಸುರೇಶಣ್ಣನ ಮಾತು."

ಶೋಭಾರಾಣಿ ನಡುವೆ ಬಂದಳು. "ಗಂಡನಿಗೆ ಎದುರು ಮಾತಾಡ್ತೀಯೇನೇ?"

"ಅತ್ತೆ, ಈ ಕಾರ್ಡು ನೋಡಿ." ರಮ್ಯ ಮಗುವಿನ ಕಾರ್ಡನ್ನು ಅವಳ ಕೈಗೆ ಕೊಟ್ಟಳು. ಶೋಭಾರಾಣಿ ಏಳನೇ ತರಗತಿ ಓದಿದವಳು. ಬಾಗಿದ ಗೆರೆ ಅರ್ಥವಾಗಲು ಅಷ್ಟೂ ಬೇಕಿರಲಿಲ್ಲ. ಅವಳು ಕಾರ್ಡು ನೋಡಿದಳು, ಮಗುವಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಒಳಗೆ ಹೋಗಿ ಒಲೆಯ ಮೇಲೆ ಎಸರಿಟ್ಟಳು.

"ಆ ಒಂಬೈನೂರು ಗ್ರಾಮಿನ ದಿನ ಹಣ್ಣು ತಿಂದಿದ್ದು ನಾನು," ಎಂದಳು ಮುನಿಯಲ್ಲಮ್ಮ ಮೂಲೆಯಿಂದ. "ಈಗ ಮಷೀನು ಕೆಟ್ಟಿದೆಯಲ್ಲ, ಅದಕ್ಕೆ ಹೇಳ್ತಿದ್ದೀನಿ."

ಸಂಜೆ ಗಂಗುಲಪ್ಪ ಬೇಗ ಬಂದರು. ಯಾರ ಮುಖವನ್ನೂ ನೋಡದೆ, ಹಳೆಯ ಸೈಕಲ್ ಟ್ಯೂಬಿನಿಂದ ಒಂದು ತುಂಡು ಕತ್ತರಿಸಿ, ಉಳಿದ ಮೂರು ಕಾಲುಗಳ ದಪ್ಪಕ್ಕೆ ಸರಿಯಾಗಿ ಮಡಿಸಿ, ನಾಲ್ಕನೇ ಮೂಲೆಗೆ ಅಂಟಿಸಿದರು. ಟೈಲ್ಸ್ ಮೇಲಿಟ್ಟು ನಾಲ್ಕೂ ಕಡೆ ಒತ್ತಿ ನೋಡಿದರು. ಅಲುಗಲಿಲ್ಲ. ಅವರ ಪಾಲಿಗೆ ಅದೇ ತಪ್ಪೊಪ್ಪಿಗೆ.

"ಸರಿ ಹೋಯ್ತಲ್ಲ," ಎಂದ ಕದಿರೇಶ. ಅವನ ದನಿಯಲ್ಲಿ ಮತ್ತೆ ಉತ್ಸಾಹ ಬಂದಿತ್ತು. "ನಾಳೆಯಿಂದ ಸರಿಯಾದ ತೂಕ. ಬೇಕಾದ್ರೆ ಅಜ್ಜಿ ಮುಟ್ಟದಂಗೆ ಒಂದು ಜಾಗ ಮಾಡೋಣ."

ಗಂಗುಲಪ್ಪ ತಲೆ ಎತ್ತಿದರು. ಗೋಂದು ಹತ್ತಿದ ಬೆರಳನ್ನು ಪಂಚೆಗೆ ಒರೆಸಿಕೊಂಡರು.

"ಸರಿಯಾದ ಮಷೀನಾದ್ರೂ ನಾನು ದಿನಾ ಹತ್ತಲ್ಲ," ಎಂದಳು ರಮ್ಯ. "ಸೋಮವಾರ ಸೋಮವಾರ ಅಂಗನವಾಡೀಲಿ ನೋಡ್ಕೊಂತೀನಿ. ಹೊಟ್ಟೆ ತುಂಬ ತಿಂತೀನಿ, ಸಾಯಂಕಾಲ ನಡೀತೀನಿ. ಇಳಿದ್ರೂ ಏರಿದ್ರೂ ಆ ಅಂಕಿ ನಂದು. ಈ ಮನೆ ಗೋಡೆದಲ್ಲ."

ಅವಳು ಕ್ಯಾಲೆಂಡರಿನ ಹತ್ತಿರ ಹೋಗಿ ಮೇ, ಜೂನ್ ಎರಡು ಹಾಳೆಗಳನ್ನೂ ಹರಿದಳು.

"ಲೇ, ಅದರಲ್ಲಿ ಅಮಾವಾಸ್ಯೆ, ಏಕಾದಶಿ ಎಲ್ಲಾ ಇದೆ ಕಣೇ!" ಎಂದಳು ಮುನಿಯಲ್ಲಮ್ಮ.

"ಆಗಿ ಹೋಗಿವೆ ಅಜ್ಜಿ."

ಜುಲೈ ತಿಂಗಳಿಡೀ ಮನೆಯಲ್ಲಿ ಒಬ್ಬರಿಗೊಬ್ಬರು ಅಳೆದು ಮಾತಾಡಿದರು. ಶೋಭಾರಾಣಿ ಸೊಸೆಗೆ ಪೂರ್ತಿ ಮುದ್ದೆ ಕಟ್ಟುತ್ತಿದ್ದಳು, ಆದರೆ ತಟ್ಟೆಗೆ ಇಡುವಾಗ ಕುಕ್ಕಿ ಇಡುತ್ತಿದ್ದಳು. ನುಗ್ಗೆಸೊಪ್ಪಿನ ಬಸ್ಸಾರು, ಹುರುಳಿಕಾಳು, ದಿನ ಬಿಟ್ಟು ದಿನ ಮೊಟ್ಟೆ. ಕದಿರೇಶ ಗ್ರೂಪಿನಲ್ಲಿ ಏನೂ ಹಾಕಲಿಲ್ಲ. "ಅತ್ತಿಗೆ ಎಷ್ಟಾದ್ರು?" ಎಂದು ಧನಶ್ರೀ ಎರಡು ಸಲ ಕೇಳಿದಳು. ರಮ್ಯ ಆ ಗ್ರೂಪಿನಿಂದಲೇ ಹೊರಗೆ ಬಂದಳು. ಅದಕ್ಕೂ ಒಂದು ದಿನ ಜಗಳವಾಯಿತು. ಸಂಜೆ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಅವಳು ಮುಖ್ಯರಸ್ತೆಯವರೆಗೆ ನಡೆದು ಬರುತ್ತಿದ್ದಳು. ಊರಿನವರು ನೋಡುತ್ತಿದ್ದರು. ನೋಡಲಿ ಎಂದು ನಡೆದಳು.

ತಿಂಗಳ ಕೊನೆಯ ಸೋಮವಾರ ಮಕ್ಕಳ ತೂಕ ಮುಗಿಸಿ ಬಂದಾಗ ಊಟದ ಹೊತ್ತು. ಎಲ್ಲರೂ ನಡುಮನೆಯಲ್ಲಿ ಕೂತಿದ್ದರು.

"ಮಗು ಎಷ್ಟಿದೆ?" ಶೋಭಾರಾಣಿ ಮುದ್ದೆಯ ಪಾತ್ರೆಯಿಂದ ತಲೆ ಎತ್ತದೆ ಕೇಳಿದಳು.

"ಆರು ಕೇಜಿ ಆರ್ನೂರು."

ಗಂಗುಲಪ್ಪ ಉಸಿರು ಬಿಟ್ಟರು. "ಐನೂರು ಏರಿದೆ," ಎಂದರು. ಈ ಸಲ ಕ್ವಿಂಟಾಲಿನ ಮಾತು ಬರಲಿಲ್ಲ.

"ನೀನು?" ಎಂದ ಕದಿರೇಶ.

ರಮ್ಯ ಕೈತೊಳೆದು ಬಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ತಟ್ಟೆ ಎಳೆದುಕೊಂಡಳು.

"ಸಾರು ಹಾಕಿ ಅತ್ತೆ."

"ಕೇಳಿದ್ದು ಕೇಳಿಸ್ಲಿಲ್ವಾ? ನೀನು ಎಷ್ಟು ಬಂದೆ?"

"ಇನ್ನೂ ಒಂದು ಸೌಟು ಹಾಕಿ."

ಶೋಭಾರಾಣಿ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಸೌಟು ತುಂಬಿ ಹಾಕಿದಳು.

ಕದಿರೇಶ ಅರ್ಧ ಊಟಕ್ಕೇ ಎದ್ದು ಕೈತೊಳೆದು ಕೋಣೆಗೆ ಹೋದ. ಒಳಗಿನಿಂದ ಚಿಲಕ ಹಾಕಿದ ಸದ್ದು ಬಂತು. ಮಷೀನು ಆ ಕೋಣೆಯ ಮಂಚದ ಕೆಳಗೆ, ಮಾವು ಮುಗಿದ ಖಾಲಿ ಹುಲ್ಲಿನ ಪಕ್ಕದಲ್ಲಿತ್ತು. ಅದನ್ನು ಎಳೆಯುವ ಸದ್ದು ಕೇಳಿಸಿತು. ಆಮೇಲೆ ಅದು, ಯಾರಾದರೂ ಹತ್ತಿದಾಗ ಅನ್ನುವಂತೆ, ಎರಡು ಸಲ ಕೀ ಕೀ ಎಂದಿತು. ಹೊರಗೆ ಎಲ್ಲರಿಗೂ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಅವನು ಬಾಗಿಲು ತೆಗೆದು ಹೊರಗೆ ಬಂದ. ಶರ್ಟನ್ನು ಕೆಳಕ್ಕೆ ಎಳೆದುಕೊಂಡ. ಗಾಡಿಯ ಕೀ ತೆಗೆದುಕೊಂಡು ಚಪ್ಪಲಿ ಮೆಟ್ಟಿದ.

ಎಷ್ಟು ಬಂತು ಎಂದು ಯಾರೂ ಕೇಳಲಿಲ್ಲ.